ಅಪ್ಪನ ಹತ್ತಿರ ದುಡ್ಡಿನ ಮಾತು ತೆಗೆಯೋದು ಹೇಗೆ?

ಪ್ರಶ್ನೆ: ನನ್ನ ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪ ನಿವೃತ್ತ ಶಿಕ್ಷಕರು, 72 ವರ್ಷ. ಪಿಂಚಣಿ ಬರುತ್ತದೆ, ಒಂದಿಷ್ಟು ಠೇವಣಿ ಇದೆ, ಹೊಲ ಇದೆ. ಯಾವುದು ಎಲ್ಲಿದೆ ಎಂಬುದು ಅವ್ವನಿಗೂ ಗೊತ್ತಿಲ್ಲ. ಯುಗಾದಿಗೆ ಹೋದಾಗ ಕೇಳಿದ್ದಕ್ಕೆ ಅಪ್ಪ "ನಾ ಇನ್ನೂ ಅದೀನಲ್ಲ" ಎಂದು ಎದ್ದು ಹೋದರು. ಅತ್ತಿಗೆ ಮುಖ ಗಂಟು ಹಾಕಿಕೊಂಡರು. ದೀಪಾವಳಿಗೆ ಎಲ್ಲರೂ ಸೇರುತ್ತೇವೆ. ಮತ್ತೆ ಕೇಳಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೇಳಿ. ಆದರೆ "ಎಷ್ಟಿದೆ" ಅನ್ನಬೇಡಿ, "ಕಾಗದ ಎಲ್ಲಿವೆ" ಅನ್ನಿ. ಮೊತ್ತ ಕೇಳಿದ ಕೂಡಲೇ ಅದು ಪಾಲಿನ ಮಾತಾಗಿ ಕೇಳಿಸುತ್ತದೆ. ಕೇಳುವವಳು ಮದುವೆ ಮಾಡಿ ಕೊಟ್ಟ ಮಗಳಾದರಂತೂ ಇನ್ನೂ ಹೆಚ್ಚು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಅದು ನಿಮ್ಮ ಹಕ್ಕು, ಸರಿ. ಈ ಹಬ್ಬಕ್ಕೆ ಅದನ್ನು ಎತ್ತಬೇಡಿ.

ಮೊದಲು ಅಣ್ಣನಿಗೆ ಫೋನ್ ಮಾಡಿ. ಅವರಿಗೆ ತಿಳಿಯದೆ ಅಪ್ಪನನ್ನು ಕೇಳಿದ್ದೇ ಯುಗಾದಿಯ ಮುನಿಸಿಗೆ ಅರ್ಧ ಕಾರಣ ಇರಬಹುದು. ಅಮಾವಾಸ್ಯೆಯ ಲಕ್ಷ್ಮೀಪೂಜೆಯ ದಿನ, ನೆಂಟರ ಎದುರು ಬೇಡವೇ ಬೇಡ. ಪಾಡ್ಯ ಕಳೆದ ಮೇಲೆ, ಅಪ್ಪ ಅವ್ವ ಇಬ್ಬರೂ ಇರುವಾಗ ಕೂತುಕೊಳ್ಳಿ. ನಿಮ್ಮ ಎಲ್‌ಐಸಿ, ಪಿಎಫ್, ಗೃಹಸಾಲದ ವಿವರ ಒಂದು ನೋಟ್‌ಬುಕ್‌ನಲ್ಲಿ ಬರೆದು ಒಯ್ದು, "ಅಪ್ಪಾ, ಎಲ್ಲಾ ಬರ್ದಿಟ್ಟೀನಿ, ಏನರ ಬಿಟ್ಟೈತೇನು ನೋಡ್ರಿ" ಎಂದು ಅವರ ಕೈಗೆ ಕೊಡಿ. ಮೂವತ್ತು ವರ್ಷ ಪಾಠ ಹೇಳಿದವರು ಪೆನ್ನು ಹಿಡಿಯದೆ ಬಿಡುವುದಿಲ್ಲ! ಮುಂದಿನ ಖಾಲಿ ಹಾಳೆ ಅವರದು.

ಅದರಲ್ಲಿ ನಾನು ಮೊದಲು ನೋಡುವುದು ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಪುಸ್ತಕ. ಅವ್ವನ ಹೆಸರು, ಹುಟ್ಟಿದ ದಿನಾಂಕ ಅದರಲ್ಲಿ ಸರಿಯಾಗಿರಬೇಕು. ಪಿಪಿಒದಲ್ಲಿ ಗಂಗವ್ವ, ಆಧಾರ್‌ನಲ್ಲಿ ಗಂಗಾ, ಪಾಸ್‌ಬುಕ್‌ನಲ್ಲಿ ತವರಿನ ಹೆಸರು: ನಮ್ಮ ಕಡೆ ಇದು ಮನೆಮನೆಯ ಕಥೆ. ಮುಂದೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಅಲೆದಾಡುವವರು ಅವ್ವ. ಅಪ್ಪ ಇರುವಾಗ ಒಂದು ಅರ್ಜಿ ಕೊಟ್ಟು ತಿದ್ದಿಸುವುದು ಎಷ್ಟೋ ಸುಲಭ. "ನಿಮ್ಮ ನಂತರ" ಎನ್ನದೆಯೂ "ಅವ್ವನ ಹೆಸರು ತಪ್ಪಾಗೇತಿ" ಎಂದು ಮಾತು ಶುರು ಮಾಡಬಹುದು.

ಆಮೇಲೆ ಠೇವಣಿ. ಬ್ಯಾಂಕಿನಲ್ಲಿದ್ದರೆ, ಸಹಕಾರಿ ಬ್ಯಾಂಕ್ ಆದರೂ, ಒಂದು ಬ್ಯಾಂಕಿಗೆ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇರುತ್ತದೆ. ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಯಲ್ಲಿ ಇಟ್ಟ ಹಣಕ್ಕೆ ಈ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು, ಅಧ್ಯಕ್ಷರು ಪರಿಚಯದವರು ಎಂದು ನಿವೃತ್ತಿಯ ಇಡುಗಂಟನ್ನೆಲ್ಲ ಅಲ್ಲೇ ಇಟ್ಟಿದ್ದರೆ, ಠೇವಣಿ ಬಾಂಡಿನ ಅವಧಿ ಮುಗಿದ ಹಾಗೆ ಸ್ವಲ್ಪ ಸ್ವಲ್ಪ ಹೊರತೆಗೆಯುವುದು ಲೇಸು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು.

ಅತ್ತಿಗೆಯ ಸಿಟ್ಟಿಗೆ ನಾಮಿನಿಯ ವಿಷಯ ಔಷಧಿ ಆದೀತು. ಬ್ಯಾಂಕ್ ಠೇವಣಿಗೆ ನಾಮಿನಿ ಆದವರು ಹಣದ ಮಾಲೀಕರಲ್ಲ. ಪಡೆದುಕೊಂಡು ವಾರಸುದಾರರಿಗೆ ಮುಟ್ಟಿಸಬೇಕಾದವರು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನನ್ನನ್ನು ಕೇಳಿದರೆ ಮೊದಲ ಹೆಸರು ಅವ್ವನದೇ ಇರಲಿ.

ಇನ್ನೊಂದನ್ನು ಕೇಳಲೇಬೇಕು, ಯಾರಿಗಾದರೂ ಜಾಮೀನು ಹಾಕಿದ್ದಾರಾ ಎಂದು. ಮೇಷ್ಟ್ರ ಸಹಿಗೆ ಊರಲ್ಲಿ ಬೆಲೆ ಜಾಸ್ತಿ. ಸಾಲಗಾರ ಕಟ್ಟದಿದ್ದರೆ ಜಾಮೀನುದಾರರ ಹೊಣೆಯೂ ಅಷ್ಟೇ ಪೂರ್ತಿ. ಅವರನ್ನೇ ನೇರವಾಗಿ ಹಿಡಿಯಬಹುದು. ಇದನ್ನು ಅಣ್ಣ ಕೇಳಿದರೆ ಚೆಂದ.

ಅಪ್ಪ ಈ ಸಲವೂ ಎದ್ದು ಹೋದರೆ ಬೆನ್ನು ಹತ್ತಬೇಡಿ. ತಿಜೋರಿಯ ಕೀಲಿ ಎಲ್ಲಿರುತ್ತದೆ, ಪಾಸ್‌ಬುಕ್ ಯಾವ ಚೀಲದಲ್ಲಿವೆ ಎಂದು ಅವ್ವನಿಗೆ ತೋರಿಸಿಡಲು ಹೇಳಿ, ಸಾಕು. ವಿಲ್ ಮಾತು ಸಂಕ್ರಾಂತಿಗೆ ಹೋದಾಗ ನೋಡಿಕೊಂಡರಾಯಿತು.