ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಸ್ತಕ ಹಿಡಿದರೂ ಮನಸ್ಸು ನಿಲ್ಲದಿದ್ದಾಗ

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಸಾಗರದ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿರುವ ಮಗನ ಫ್ಲ್ಯಾಟಿಗೆ ಬಂದಿದ್ದೇನೆ. ಮೊದಲೆಲ್ಲ ವಾರಕ್ಕೊಂದು ಕಾದಂಬರಿ ಓದುತ್ತಿದ್ದವಳಿಗೆ ಈಗ ಒಂದೇ ಪುಟವನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ‘ಮನಸ್ಸಿನಲ್ಲಿರುವುದನ್ನು ಬರೆಯಿರಿ ಅತ್ತೆ, ಹಗುರಾಗುತ್ತದೆ’ ಎಂದು ಸೊಸೆ ನೋಟ್‌ಬುಕ್ ತಂದುಕೊಟ್ಟಿದ್ದಾಳೆ. ಬರೆಯಲು ಕೂತರೆ ಅಳು ಬರುತ್ತದೆಯೇ ಹೊರತು ಹಗುರಾಗುವುದಿಲ್ಲ. ಪುಸ್ತಕಗಳ ಸಹವಾಸ ನನಗೆ ಮುಗಿದೇಹೋಯಿತೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಮುಗಿದಿಲ್ಲ. ಹತ್ತಿರದವರನ್ನು ಕಳೆದುಕೊಂಡವರಿಗೆ ಓದು ಹತ್ತದಿರುವುದು ಬಹಳ ಸಾಮಾನ್ಯವಾದ ಸಂಗತಿ. ಆದರೆ ಓದುವ ಹವ್ಯಾಸವಿದ್ದವರಿಗೆ ಅದು ಎರಡನೆಯ ನಷ್ಟದಂತೆ ಕಾಣುವುದರಿಂದ ಹೆಚ್ಚು ಕಂಗೆಡಿಸುತ್ತದೆ. ಕಾದಂಬರಿ ಓದುವುದೆಂದರೆ ಹಿಂದಿನ ಅಧ್ಯಾಯದಲ್ಲಿ ಯಾರು ಏನು ಹೇಳಿದರೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಮುಂದೇನಾಗಬಹುದೆಂದು ಊಹಿಸುತ್ತ ಸಾಗುವ ಕೆಲಸ. ಕುಟುಂಬ ಪಿಂಚಣಿಯ ಅರ್ಜಿ, ಬ್ಯಾಂಕಿನ ನಾಮಿನಿ ಕಾಗದಪತ್ರ, ಬೀಗ ಹಾಕಿ ಬಂದ ಮನೆಯ ಚಿಂತೆ, ಯಾವ ಡಬ್ಬಿಯಲ್ಲಿ ಏನಿದೆಯೆಂದು ಇನ್ನೂ ಕೈಗೆ ರೂಢಿಯಾಗದ ಹೊಸ ಅಡುಗೆಮನೆ, ಇವೆಲ್ಲವನ್ನೂ ಹೊತ್ತಿರುವ ಮನಸ್ಸಿಗೆ ಆ ಕೆಲಸ ಮಾಡುವ ತ್ರಾಣ ಉಳಿದಿರುವುದಿಲ್ಲ.

ಆದ್ದರಿಂದ ಸದ್ಯಕ್ಕೆ ಹೊಸ ಕಾದಂಬರಿಯ ಗೊಡವೆಗೆ ಹೋಗಬೇಡಿ. ಹಿಂದೆ ಎರಡು ಮೂರು ಸಲ ಓದಿರುವ, ಮುಂದೇನೆಂಬುದು ಚೆನ್ನಾಗಿ ಗೊತ್ತಿರುವ ಪುಸ್ತಕವನ್ನೇ ತೆಗೆಯಿರಿ. ದಿನಕ್ಕೆ ನಾಲ್ಕೈದು ಪುಟವಾದರೆ ಸಾಕು, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಗೊತ್ತಿರುವ ಕಥೆಯನ್ನು ಮತ್ತೆ ಓದಿ ಪ್ರಯೋಜನವೇನೆಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ರಾತ್ರಿಯೆಲ್ಲ ಗಮಕಿಗಳ ಬಾಯಲ್ಲಿ ಕೇಳುತ್ತಿದ್ದವರಲ್ಲಿ, ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂಬುದು ತಿಳಿಯದವರು ಯಾರೂ ಇರಲಿಲ್ಲ. ತಿಳಿದಿದ್ದೂ ಪ್ರತಿ ಸಲ ಬಂದು ಕೂರುತ್ತಿದ್ದರು, ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದರು. ಕಥೆ ಗೊತ್ತಿದ್ದಾಗ ಅದರ ಜಾಡು ಹಿಡಿಯುವ ಶ್ರಮ ತಪ್ಪುತ್ತದೆ. ಮಾತಿನ ಲಯವಷ್ಟೇ ಉಳಿಯುತ್ತದೆ. ನಡುವೆ ಮನಸ್ಸು ಎಲ್ಲಿಗೋ ಹೋಗಿ ಬಂದರೂ ಏನೂ ಕೈತಪ್ಪುವುದಿಲ್ಲ.

ಇನ್ನು ಬರೆಯುವ ವಿಷಯ. ನಿಮ್ಮ ಸೊಸೆಯ ಸಲಹೆ ಒಳ್ಳೆಯದೇ, ಆದರೆ ‘ಹಗುರಾಗುತ್ತದೆ’ ಎಂಬ ಭರವಸೆಯನ್ನು ಅವರು ಸ್ವಲ್ಪ ಬೇಗ ಕೊಟ್ಟುಬಿಟ್ಟಿದ್ದಾರೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಅತ್ಯಂತ ನೋವಿನ ಪ್ರಸಂಗವನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದಿದ್ದರು. ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು. ಪ್ರಯೋಜನ ಕಂಡದ್ದು ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ನೋವನ್ನೂ ಒಟ್ಟಿಗೆ ಬರೆದವರು ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾದಾಗ. ಇದೇ ಬಗೆಯ ಪ್ರಯೋಗಗಳು ಆಮೇಲೆ ಹಲವು ಕಡೆ ನಡೆದಿವೆ. ಎಲ್ಲ ಕಡೆಯೂ ಒಂದೇ ಫಲ ಸಿಕ್ಕಿಲ್ಲವಾದ್ದರಿಂದ ಬರವಣಿಗೆಯನ್ನು ರಾಮಬಾಣವೆಂದು ನಾನು ಹೇಳಲಾರೆ. ಆದರೆ ಬರೆಯುವಾಗ ಅಳು ಬರುವುದು ಬರವಣಿಗೆ ಕೆಟ್ಟಿತೆಂಬುದರ ಗುರುತಲ್ಲ. ನಿತ್ಯ ಬರೆಯಲೇಬೇಕೆಂಬ ಹಟವೂ ಬೇಡ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಬರೆದು ಮುಚ್ಚಿಡಿ, ಮಲಗುವ ಹೊತ್ತಿನಲ್ಲಿ ಮಾತ್ರ ಬರೆಯಬೇಡಿ.

ಏನು ಬರೆಯಬೇಕೆಂಬುದರಲ್ಲಿ ನನಗೊಂದು ಪಕ್ಷಪಾತವಿದೆ. ‘ನನಗೆ ಬಹಳ ದುಃಖವಾಗಿದೆ’ ಎಂದು ಬರೆದರೆ ಮುಂದಿನ ವಾಕ್ಯ ಹೊಳೆಯುವುದಿಲ್ಲ. ಬದಲಿಗೆ ವಸ್ತುಗಳನ್ನು ಬರೆಯಿರಿ. ಅವರ ಅಂಗಿಯ ಜೇಬಿನಲ್ಲಿ ಸದಾ ಏನೇನಿರುತ್ತಿತ್ತು, ಅಡಿಕೆ ಕತ್ತರಿಸುವಾಗ ಯಾವ ಮಾತು ತೆಗೆಯುತ್ತಿದ್ದರು, ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಬಾಯಿಬಿಟ್ಟು ಹೇಳದೆ ಹೇಗೆ ಸೂಚಿಸುತ್ತಿದ್ದರು, ಮಳೆಗಾಲದಲ್ಲಿ ಹಂಚು ಸೋರುವ ಜಾಗಕ್ಕೆ ಯಾವ ಪಾತ್ರೆ ಇಡುತ್ತಿದ್ದಿರಿ, ಇಂಥವು. ಇವನ್ನು ಬರೆಯುತ್ತ ಹೋದರೆ ಪುಟ ತಾನಾಗಿ ತುಂಬುತ್ತದೆ, ಅಳುವಿನ ನಡುವೆ ಒಮ್ಮೊಮ್ಮೆ ನಗುವೂ ಬರುತ್ತದೆ. ಅಲ್ಲದೆ, ನಿಮ್ಮ ಮೊಮ್ಮಕ್ಕಳಿಗೆ ತಮ್ಮ ಅಜ್ಜ ಎಂಥವರೆಂದು ತಿಳಿಸುವ ಕಾಗದ ಅದೊಂದೇ ಆದೀತು.

ವೈಧವ್ಯದಿಂದ ಪುಸ್ತಕದತ್ತ ನಡೆದವರು ನಮ್ಮಲ್ಲಿ ಬಹಳ ಹಿಂದೆಯೇ ಇದ್ದರು. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಅವರು ಗಂಡನನ್ನು ಕಳೆದುಕೊಂಡಾಗ ಅವರಿಗೆ ಹದಿನಾಲ್ಕು ವರ್ಷ. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿ ಬೆಳೆದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತೆರೆದು ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. 1917ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಹೊರತಂದರು. ವಿಧವೆಯಾದ ಹುಡುಗಿ ನಾಲ್ಕು ಜನರೆದುರು ಬರುವುದೇ ಅಮಂಗಳವೆನಿಸಿದ್ದ ಕಾಲದಲ್ಲಿ ನಡೆದದ್ದಿದು. ನೀವೂ ಪತ್ರಿಕೆ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ನೋಟ್‌ಬುಕ್ಕಿನ ಮುಂದೆ ಕೂರುವ ಹೆಂಗಸರಲ್ಲಿ ನೀವು ಮೊದಲಿನವರಲ್ಲವೆಂಬುದು ನಿಮಗೆ ಗೊತ್ತಿರಲಿ ಎಂದಷ್ಟೇ ಹೇಳಿದೆ.

ಒಂದು ಎಚ್ಚರಿಕೆಯ ಮಾತು. ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದರೆ ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ಅದು ಪುಸ್ತಕದಿಂದ ಸರಿಹೋಗುವ ವಿಷಯವಲ್ಲ. ಮಗನಿಗೆ ಹೇಳಿ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಆತ್ಮಕಥೆ ಬರೆಯಲು ಶುರುಮಾಡಿದೆ. ಬರೆಯುತ್ತ ಬರೆಯುತ್ತ ಮನಸ್ಸಿಗೆ ನಿಜಕ್ಕೂ ಸಮಾಧಾನ ಸಿಕ್ಕಿದೆ. ಆದರೆ ನಮ್ಮ ಮನೆತನದ ಪಾಲಿನ ಜಗಳವನ್ನೂ ಅದರಲ್ಲಿ ಬರೆದಿದ್ದೇನೆಂದು ತಿಳಿದು ಅಣ್ಣನ ಮಕ್ಕಳು ಸಿಟ್ಟಾಗಿದ್ದಾರೆ. ಅಚ್ಚು ಹಾಕಿಸಲೋ ಬೇಡವೋ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮಗೆ ಸಮಾಧಾನ ಕೊಟ್ಟದ್ದು ಬರೆಯುವ ಕೆಲಸ, ಅದು ಆಗಲೇ ಆಗಿದೆ, ಅಚ್ಚಾಗದಿದ್ದರೂ ಅದನ್ನು ಯಾರೂ ಕಿತ್ತುಕೊಳ್ಳಲಾರರು. ಅಚ್ಚು ಹಾಕಿಸುವುದು ಬೇರೆಯೇ ವ್ಯವಹಾರ. ಹಸ್ತಪ್ರತಿಯನ್ನು ಆರು ತಿಂಗಳು ಕಪಾಟಿನಲ್ಲಿಟ್ಟು, ಆಮೇಲೆ ಕೆಂಪು ಪೆನ್ನು ಹಿಡಿದು ಓದಿ. ಪಾಲಿನ ಅಧ್ಯಾಯದಲ್ಲಿ ನೀವು ಕಣ್ಣಾರೆ ಕಂಡದ್ದು ಯಾವುದು, ಯಾರೋ ಹೇಳಿ ಕೇಳಿದ್ದು ಯಾವುದು ಎಂದು ಗುರುತು ಮಾಡಿ, ಕೇಳಿದ್ದನ್ನೆಲ್ಲ ಹೊಡೆದುಹಾಕಿ. ಅಂದು ನೀವು ಆಡಿದ ಮಾತುಗಳೂ ಉಳಿದವರ ಮಾತಿನಷ್ಟೇ ವಿವರವಾಗಿ ಪುಟದ ಮೇಲೆ ಇವೆಯೇ ಎಂದು ನೋಡಿ. ಹೆಚ್ಚಿನ ಆತ್ಮಕಥೆಗಳಲ್ಲಿ ಬರೆದವರೊಬ್ಬರೇ ಸಜ್ಜನರಾಗಿರುತ್ತಾರೆ. ನಿವೃತ್ತರ ಆತ್ಮಕಥೆಗಳಂತೂ ಈ ವಿಷಯದಲ್ಲಿ ಒಂದಕ್ಕೊಂದು ಪೈಪೋಟಿಗೆ ಬಿದ್ದಂತಿರುತ್ತವೆ. ಅಣ್ಣನ ಮಕ್ಕಳಿಗೆ ಆ ಪುಟಗಳನ್ನು ತೋರಿಸಿ. ಅವರು ತಪ್ಪೆಂದು ತೋರಿಸಿಕೊಟ್ಟ ಸಂಗತಿಯನ್ನು ತಿದ್ದಬೇಕು, ಇಷ್ಟವಾಗದ ಸಂಗತಿಯನ್ನು ತಿದ್ದಲೇಬೇಕೆಂದೇನಿಲ್ಲ.

ಅಚ್ಚಿಗೆ ಕೊಡುವುದೇ ಆದರೆ, ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ಕಟ್ಟಿಡಬೇಡಿ. ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಯನ್ನೂ ಮಾಡಿಕೊಡುತ್ತಾರೆ. ಪ್ರತಿ ಪುಸ್ತಕವನ್ನು ಗುರುತಿಸಲು ಕೊಡುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ; ಅದಕ್ಕೆಂದೇ ಪ್ರತ್ಯೇಕವಾಗಿ ಹಣ ಕೇಳುವವರಿದ್ದರೆ ಅವರಿಂದ ದೂರವಿರಿ. ನಿಮ್ಮ ನೆರೆಯ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಆ ಕಸುವು ನಮ್ಮಂಥವರಿಗಿಲ್ಲವಾದ್ದರಿಂದ ಪ್ರತಿಗಳ ಲೆಕ್ಕವನ್ನು ಬಿಗಿಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮದುವೆಯಾಗಿ ಮೆಲ್ಬರ್ನ್‌ಗೆ ಬಂದಿದ್ದೇನೆ. ಇನ್ನೂ ಕೆಲಸ ಸಿಕ್ಕಿಲ್ಲ, ಹಗಲೆಲ್ಲ ಒಬ್ಬಳೇ. ತಂದ ನಾಲ್ಕು ಕನ್ನಡ ಪುಸ್ತಕಗಳು ಮುಗಿದಿವೆ. ಏನು ಮಾಡಲಿ? (ಓದುಗರೊಬ್ಬರು, ಆಸ್ಟ್ರೇಲಿಯಾ)

ಉತ್ತರ: ಹೊಸ ಪುಸ್ತಕಗಳು ಬೇಕಿದ್ದರೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕಗಳೂ ಕೇಳುಪುಸ್ತಕಗಳೂ ಸಿಗುತ್ತವೆ. ಹಳೆಯವು ಬೇಕಿದ್ದರೆ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಗ್ರಂಥಗಳು ಸಾವಿರಗಟ್ಟಲೆ ಇವೆ. ಪುಟಗಳು ಅಲ್ಲಲ್ಲಿ ಓರೆಯಾಗಿದ್ದರೂ ಓದಲು ಅಡ್ಡಿಯಿಲ್ಲ. ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವನ್ನೂ ಮಾಡಿಸಿಕೊಳ್ಳಿ. ಅಲ್ಲಿ ಕನ್ನಡ ಪುಸ್ತಕ ಸಿಗುವುದೋ ಇಲ್ಲವೋ, ಮನೆಯಿಂದ ಹೊರಗೆ ಒಂದಿಷ್ಟು ಹೊತ್ತು ಕೂರಲು ಕುರ್ಚಿ ಸಿಗುತ್ತದೆ, ನಾಲ್ಕು ಮುಖ ಪರಿಚಯವಾಗುತ್ತವೆ. ವಾರಕ್ಕೊಮ್ಮೆ ತಾಯಿಗೆ ಫೋನಿನ ಬದಲು ಕಾಗದ ಬರೆಯಿರಿ: ಟ್ರಾಮಿನಲ್ಲಿ ಕಂಡದ್ದು, ಅಂಗಡಿಯಲ್ಲಿ ಕರಿಬೇವಿಗೆ ಕೊಟ್ಟ ಬೆಲೆ, ಜೂನ್ ತಿಂಗಳ ಚಳಿ. ಫೋನಿನಲ್ಲಿ ‘ಚೆನ್ನಾಗಿದ್ದೇನೆ’ ಎಂದು ಮುಗಿಸಿಬಿಡುವ ಸಂಗತಿಗಳು ಕಾಗದದಲ್ಲಾದರೆ ಪೂರ್ತಿ ಬರುತ್ತವೆ. ಕಳಿಸುವ ಮುನ್ನ ಒಂದು ನಕಲು ಇಟ್ಟುಕೊಳ್ಳಿ.