ಸೊರಗಿದ ನಗರಕ್ಕೆ ಎಲ್ಲಿಂದ ಕೈ ಹಚ್ಚಬೇಕು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾರ್ಖಾನೆ ಮುಚ್ಚಿ, ಜನ ಚದುರಿ, ಪೇಟೆ ಬಿಕೋ ಎನ್ನುವ ನಗರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ನಗರ ಯೋಜನೆ ಮತ್ತು ಸ್ಥಳೀಯ ಆಡಳಿತದ ಹಣಕಾಸು ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಹೆಸರಾಂತ ವಾಸ್ತುಶಿಲ್ಪಿಯಿಂದ ಒಂದು ಭವ್ಯ ಮ್ಯೂಸಿಯಂ ಕಟ್ಟಿಸಿದರೆ ಸಾಕಲ್ಲವೇ? ಸ್ಪೇನ್‌ನ ಬಿಲ್ಬಾವೊ ನಗರ ಎದ್ದು ನಿಂತದ್ದು ಹಾಗೆಯೇ ತಾನೆ?

ಬಿಲ್ಬಾವೊ ಕಥೆಯನ್ನು ಎಲ್ಲರೂ ಕೊನೆಯ ಅಧ್ಯಾಯದಿಂದ ಓದಲು ಶುರುಮಾಡುತ್ತಾರೆ. ಅಲ್ಲಿನ ಗುಗೆನ್‌ಹೈಮ್ ಮ್ಯೂಸಿಯಂ ಬಾಗಿಲು ತೆರೆದದ್ದು 1997ರ ಅಕ್ಟೋಬರಿನಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಹಿಂದೆಯೇ ನದಿಗೆ ಕೊಳಚೆ ಬೀಳದಂತೆ ತಡೆಯುವ ಒಳಚರಂಡಿ ಕೆಲಸ ಆರಂಭವಾಗಿತ್ತು. ಬಂದರನ್ನು ನಗರದ ಮಧ್ಯದಿಂದ ಸಮುದ್ರದ ಕಡೆಗೆ ಸರಿಸಲಾಗುತ್ತಿತ್ತು. 1995ರಲ್ಲಿ ಮೆಟ್ರೊ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು ಯಾರ ಕಣ್ಣಿಗೂ ಬೀಳದ ಒಂದು ಸಂಸ್ಥೆ: 1992ರಲ್ಲಿ ಹುಟ್ಟಿದ ಬಿಲ್ಬಾವೊ ರಿಯಾ 2000. ನದೀತೀರದ ಜಮೀನು ಬಂದರು, ರೈಲ್ವೆ ಮೊದಲಾದ ಸರ್ಕಾರಿ ಸಂಸ್ಥೆಗಳ ನಡುವೆ ಹರಿದು ಹಂಚಿಹೋಗಿತ್ತು. ಅವರೆಲ್ಲ ಒಂದೇ ಮೇಜಿನ ಸುತ್ತ ಕೂತು ಜಮೀನನ್ನು ಒಟ್ಟುಗೂಡಿಸಿದರು. ಒಂದಷ್ಟನ್ನು ಮಾರಿದ ಹಣದಲ್ಲಿ ರೈಲುಹಳಿ ಸರಿಸಿ, ಉದ್ಯಾನ ಮಾಡಿ, ಮಿಕ್ಕ ಜಮೀನಿನ ಬೆಲೆ ಏರಿಸಿಕೊಂಡರು.

ನಕಲು ಮಾಡುವುದಿದ್ದರೆ ಇದನ್ನು ಮಾಡಿ. ನಗರದ ಹೃದಯಭಾಗದ ನಕ್ಷೆ ಹರಡಿ, ಸರ್ಕಾರಿ ಸಂಸ್ಥೆಗಳ ಕೈಯಲ್ಲಿರುವ ಜಮೀನಿಗೆಲ್ಲ ಬಣ್ಣ ಹಚ್ಚಿ. ಎಲ್ಲಿ ನಾಲ್ಕೈದು ಇಲಾಖೆಗಳ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಖಾಲಿ ಬಿದ್ದಿವೆಯೋ ಅಲ್ಲಿದೆ ನಿಮ್ಮ ಬಂಡವಾಳ. ಮ್ಯೂಸಿಯಂ ಬೇಕೇ ಬೇಕು ಎನ್ನುವವರಿದ್ದರೆ ಕಟ್ಟುವ ಖರ್ಚಿನ ಜೊತೆಗೆ ಇಪ್ಪತ್ತು ವರ್ಷ ನಡೆಸುವ ಖರ್ಚಿನ ಲೆಕ್ಕವನ್ನೂ ಕೇಳಿ. ಉದ್ಘಾಟನೆಗೆ ಅನುದಾನ ಸಿಗುತ್ತದೆ. ಹನ್ನೊಂದನೇ ವರ್ಷದ ಹವಾನಿಯಂತ್ರಣದ ಬಿಲ್ಲಿಗೆ ಯಾರೂ ಕೊಡುವುದಿಲ್ಲ.

ಪ್ರಶ್ನೆ: ಬೀದಿ ಬೀದಿಯಲ್ಲೂ ಪಾಳುಮನೆಗಳು. ಕೆಡವಬೇಕೋ, ದುರಸ್ತಿ ಮಾಡಬೇಕೋ?

ಮೊದಲು ಎಣಿಸಬೇಕು. ಅಮೆರಿಕದ ಡೆಟ್ರಾಯ್ಟ್ ನಗರ 2013ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಬೆನ್ನಿಗೆ ಬಂದ ಚಳಿಗಾಲದಲ್ಲಿ ಟ್ಯಾಬ್ಲೆಟ್ ಹಿಡಿದ ತಂಡಗಳು ಸುಮಾರು 3,80,000 ಆಸ್ತಿಗಳ ಮುಂದೆ ನಿಂತು ಒಂದೊಂದರ ಫೋಟೊ ತೆಗೆದು ಸ್ಥಿತಿ ದಾಖಲಿಸಿದವು. ಚಿಕ್ಕ ನಗರಕ್ಕೆ ಇಬ್ಬಿಬ್ಬರ ಕೆಲವು ತಂಡ ಸಾಕು: ಒಬ್ಬರು ಫೋಟೊ, ಇನ್ನೊಬ್ಬರು ನಮೂನೆ. ನಮೂನೆಯಲ್ಲಿ ಸೂರು, ಬಾಗಿಲು-ಕಿಟಕಿ, ಗೋಡೆಯ ಬಿರುಕು, ಬೆಂಕಿಯ ಗುರುತು, ಕಸ, ವಾಸದ ಸುಳಿವು ಇಷ್ಟಿದ್ದರೆ ಆಯಿತು. ಉದ್ದವಾದಷ್ಟೂ ಸಂಜೆಯ ಹೊತ್ತಿಗೆ ಊಹೆಯಿಂದ ತುಂಬುತ್ತಾರೆ.

ಈ ಪಟ್ಟಿಯನ್ನು ಇನ್ನೆರಡರ ಪಕ್ಕದಲ್ಲಿಡಿ: ಹನ್ನೆರಡು ತಿಂಗಳಿಂದ ನೀರಿನ ಮೀಟರ್ ಓಡದ ಆಸ್ತಿಗಳು, ಎರಡು ವರ್ಷಕ್ಕೂ ಹೆಚ್ಚು ತೆರಿಗೆ ಬಾಕಿ ಇರುವ ಆಸ್ತಿಗಳು. ಮೂರರಲ್ಲೂ ಇರುವುದು ಬಹುತೇಕ ಖಾಲಿ. ಎರಡರಲ್ಲಿ ಇರುವುದನ್ನು ಮತ್ತೊಮ್ಮೆ ಹೋಗಿ ನೋಡಬೇಕು. ಒಂದೇ ಪಟ್ಟಿ ನಂಬಿ ನೋಟಿಸು ಹೊರಡಿಸಿದರೆ ಅನಾಹುತವಾಗುತ್ತದೆ. ತೆರಿಗೆ ಬಾಕಿಯ ಮನೆಯೊಳಗೆ ಕೈಖಾಲಿಯಾದ ಸಂಸಾರವೊಂದು ಬದುಕುತ್ತಿರಬಹುದು. ಮೀಟರ್ ಓಡದ ಮನೆಯವರು ಸ್ವಂತ ಬಾವಿಯ ನೀರು ಬಳಸುತ್ತಿರಬಹುದು.

ಇನ್ನು ಎಲ್ಲಿಂದ ಆರಂಭ? ತೀರಾ ಹಾಳಾದ ಬೀದಿಗೆ ಮೊದಲು ಹೋಗಬೇಕೆಂದು ಮನಸ್ಸು ಹೇಳುತ್ತದೆ. ಹೋಗಬೇಡಿ. ಇಪ್ಪತ್ತು ಮನೆಗಳಲ್ಲಿ ಹದಿನೈದು ಖಾಲಿ ಇರುವಲ್ಲಿ ಒಂದನ್ನು ರಿಪೇರಿ ಮಾಡಿದರೆ ಹದಿನಾಲ್ಕು ಉಳಿಯುತ್ತವೆ, ರಿಪೇರಿಯಾದದ್ದಕ್ಕೂ ಗಿರಾಕಿ ಸಿಗುವುದಿಲ್ಲ. ಇಪ್ಪತ್ತರಲ್ಲಿ ಒಂದೆರಡು ಮಾತ್ರ ಖಾಲಿ ಇರುವ ಬೀದಿಯಲ್ಲಿ ಅದೇ ಹಣ ಹದಿನೆಂಟು ಸಂಸಾರಗಳನ್ನು ಹಿಡಿದು ನಿಲ್ಲಿಸುತ್ತದೆ. ಗಟ್ಟಿ ನೆಲದಿಂದ ಸಡಿಲ ನೆಲದ ಕಡೆಗೆ ಹೆಜ್ಜೆಯಿಡುತ್ತಾ ಹೋಗಬೇಕು. ತೀರಾ ಹಾಳಾದ ಬೀದಿಗಳಲ್ಲಿ ಬೀಳುವಂತಿರುವ ಗೋಡೆ, ಬೆಂಕಿಯ ಅಪಾಯ, ಕಸ ಇವಿಷ್ಟನ್ನು ತಡವಿಲ್ಲದೆ ನಿಭಾಯಿಸಿ.

ಮಾಲೀಕ ಸಿಗುವವರೆಗೆ ಕಟ್ಟಡ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ಒಂದು ಪ್ರತ್ಯೇಕ ಕೆಲಸ. ಮೊದಲು ಸೂರು ಮತ್ತು ನೀರು ಹರಿಯುವ ದೋಣಿ, ಬಳಿಕ ನೀರಿನ ಸಂಪರ್ಕ ಕಡಿದು ಕೊಳವೆಯೊಳಗಿನದನ್ನೂ ಬಸಿಯುವುದು, ಆಮೇಲೆ ಗೋಡೆ ಸಂದಿನ ಗಿಡಗಳನ್ನು ಬೇರು ಸಹಿತ ತೆಗೆಯುವುದು. ಕೊನೆಗೆ ಕಿಟಕಿಗೆ ಹಲಗೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ: ಕಳ್ಳರಿಗೆ ಹೆದರಿ ಗಾಳಿಯಾಡದಂತೆ ಬಡಿದುಬಿಡುತ್ತಾರೆ. ಒಳಗಿನ ತೇವಕ್ಕೆ ದಾರಿಯಿಲ್ಲದೆ ತೊಲೆಗಳಿಗೆ ಶಿಲೀಂಧ್ರ ಹತ್ತುತ್ತದೆ. ಹಲಗೆಯ ಮೇಲ್ಭಾಗ ಮತ್ತು ಕೆಳಭಾಗದಲ್ಲಿ ಜಾಲರಿ ಹಾಕಿದ ಗಾಳಿಗಂಡಿ ಬಿಡಿ. ತಿಂಗಳಿಗೊಮ್ಮೆ, ಜೋರು ಮಳೆಯ ಮರುದಿನ ತಪ್ಪದೆ, ಒಳಹೊಕ್ಕು ನೋಡಿ.

ನಿಜವಾದ ಗಂಟು ಹಕ್ಕುಪತ್ರದಲ್ಲಿರುತ್ತದೆ. ಸತ್ತವರ ಹೆಸರಿನಲ್ಲಿ, ಮುಚ್ಚಿಹೋದ ಕಂಪನಿಯ ಹೆಸರಿನಲ್ಲಿ, ದೂರದ ಸಟ್ಟಾ ವ್ಯಾಪಾರಿಯ ಹೆಸರಿನಲ್ಲಿ ಮನೆ ಕೊಳೆಯುತ್ತಿರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯ 1999ರಲ್ಲಿ ಕಾನೂನು ಬದಲಿಸಿ, ತೆರಿಗೆ ಬಾಕಿಯ ಆಸ್ತಿಯನ್ನು ವಶಪಡಿಸಿಕೊಳ್ಳಲು ಹಿಡಿಯುತ್ತಿದ್ದ ಹಲವು ವರ್ಷಗಳನ್ನು ಎರಡು-ಮೂರಕ್ಕೆ ಇಳಿಸಿತು. ಅದರ ಬಲದಿಂದ ಫ್ಲಿಂಟ್ ನಗರವಿರುವ ಜೆನೆಸೀ ಕೌಂಟಿಯಲ್ಲಿ ಭೂ ಬ್ಯಾಂಕ್ ಕಟ್ಟಿದರು: ಆಸ್ತಿ ಪಡೆದು, ಹಕ್ಕಿನ ತಕರಾರನ್ನು ಕೋರ್ಟಿನಲ್ಲಿ ತೀರಿಸಿ, ಷರತ್ತಿನ ಮೇಲೆ ಮಾರುವ ಸಾರ್ವಜನಿಕ ಸಂಸ್ಥೆ. ಷರತ್ತು ಇಲ್ಲದ ಹರಾಜು ಹಾಕಬೇಡಿ. ಸಗಟಾಗಿ ಕೊಂಡವರು ಬಾಡಿಗೆ ಹಿಂಡಿ, ತೆರಿಗೆ ಕಟ್ಟದೆ ಕೈಬಿಡುತ್ತಾರೆ; ಕೆಲವೇ ವರ್ಷಗಳಲ್ಲಿ ಅದೇ ಮನೆ ಇನ್ನೂ ಹಾಳಾಗಿ ಅದೇ ಹರಾಜಿಗೆ ಬರುತ್ತದೆ. ಆರು ತಿಂಗಳಲ್ಲಿ ದುರಸ್ತಿ ಮುಗಿಸಿ ವಾಸ ಆರಂಭಿಸದಿದ್ದರೆ ಆಸ್ತಿ ವಾಪಸ್ ಎಂದು ಕ್ರಯಪತ್ರದಲ್ಲೇ ಬರೆಯಿರಿ.

ಮಾಲೀಕ ಇದ್ದೂ ಕೈಯಲ್ಲಿ ಕಾಸಿಲ್ಲದಿದ್ದರೆ ಜರ್ಮನಿಯ ಲೈಪ್ಸಿಗ್ ದಾರಿ ಇದೆ. ಅಲ್ಲಿ 2004ರಲ್ಲಿ ‘ಕಾವಲುಮನೆ’ ಪದ್ಧತಿ ಶುರುವಾಯಿತು. ಕಲಾವಿದರು, ಸಂಘಗಳು, ಸಣ್ಣ ವರ್ಕ್‌ಶಾಪಿನವರು ಬಾಡಿಗೆ ಕೊಡದೆ, ನೀರು-ವಿದ್ಯುತ್ತಿನಂಥ ಚಾಲ್ತಿ ಖರ್ಚು ಹೊತ್ತು ಸಾಮಾನ್ಯವಾಗಿ ಐದು ವರ್ಷ ಇರುತ್ತಿದ್ದರು. ಮಾಲೀಕರಿಗೆ ಕಟ್ಟಡ ಉಳಿಯುತ್ತಿತ್ತು.

ಪ್ರಶ್ನೆ: ಕೆಡವಿದ ಮೇಲೆ ಉಳಿಯುವ ಖಾಲಿ ನಿವೇಶನ ಕಸದ ಗುಂಡಿಯಾಗುತ್ತದೆ. ಏನು ಮಾಡಬಹುದು?

ಇದಕ್ಕೆ ನಂಬಬಹುದಾದ ಪುರಾವೆ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಹೋಲಿಸಿದರು; ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ನಿವೇಶನಗಳಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬಿತ್ತಿ, ನಾಲ್ಕಾರು ಮರ ನೆಟ್ಟು, ದಾಟಿ ಒಳಬರಬಹುದಾದಷ್ಟು ತಗ್ಗಿನ ಮರದ ಬೇಲಿ ಹಾಕಿ, ನಿಯಮಿತವಾಗಿ ಹುಲ್ಲು ಕತ್ತರಿಸಿದರು. ಅಷ್ಟೇ. ಬಡ ಬಡಾವಣೆಗಳಲ್ಲಿ ಗುಂಡಿನ ದಾಳಿ ಶೇ. 29ರಷ್ಟು ಇಳಿಯಿತು. ತಗ್ಗು ಬೇಲಿಯ ಕೆಲಸ ದೊಡ್ಡದು: ಟ್ರಕ್ ಬಂದು ಕಸ ಸುರಿಯುವುದನ್ನು ತಡೆಯುತ್ತದೆ, ‘ಇದನ್ನು ನೋಡಿಕೊಳ್ಳುವವರಿದ್ದಾರೆ’ ಎಂದು ತಿಳಿಸುತ್ತದೆ. ಎತ್ತರದ ತಂತಿಬೇಲಿ ಹಾಕಿದರೆ ಒಳಗೇನು ನಡೆಯುತ್ತಿದೆಯೋ ಎಂಬ ಭಯ ಹುಟ್ಟುತ್ತದೆ.

ಕೆಡವುವ ಗುತ್ತಿಗೆಯಲ್ಲಿ ನಾಲ್ಕು ಅಂಶ ಇರಲೇಬೇಕು: ಮೊದಲೇ ಆಸ್ಬೆಸ್ಟಾಸ್ ತೆಗೆಯುವುದು, ಒಳಚರಂಡಿ ಜೋಡಣೆಗೆ ಬಿರಡೆ, ನೆಲಮಾಳಿಗೆಗೆ ಕಟ್ಟಡದ ಅವಶೇಷ ತುಂಬದೆ ಶುದ್ಧ ಮಣ್ಣು ತುಂಬುವುದು, ಮೇಲಿನ 15 ಸೆಂ.ಮೀ. ಮಣ್ಣನ್ನು ಸಡಿಲಿಸಿ ಗೊಬ್ಬರ ಬೆರೆಸುವುದು. ಯಂತ್ರಗಳು ತುಳಿದ ನೆಲದಲ್ಲಿ ಹುಲ್ಲೂ ಬೆಳೆಯದು.

ಪ್ರಶ್ನೆ: ಮುಖ್ಯ ಪೇಟೆಯ ಅರ್ಧ ಅಂಗಡಿಗಳು ವರ್ಷಗಟ್ಟಲೆ ಮುಚ್ಚಿವೆ. ಆದರೂ ಮಾಲೀಕರು ಬಾಡಿಗೆ ಇಳಿಸುತ್ತಿಲ್ಲ. ಇದು ಹಟವೇ?

ಲೆಕ್ಕಾಚಾರ. ವಾಣಿಜ್ಯ ಕಟ್ಟಡದ ಮೌಲ್ಯವನ್ನು ಬಾಡಿಗೆಯ ಆಧಾರದ ಮೇಲೆ ಕಟ್ಟುತ್ತಾರೆ. ಅರ್ಧ ಬಾಡಿಗೆಗೆ ಲೀಸ್ ಬರೆದುಕೊಟ್ಟರೆ ಕಾಗದದ ಮೇಲೆ ಮೌಲ್ಯವೂ ಕುಸಿಯುತ್ತದೆ, ಸಾಲ ಕೊಟ್ಟ ಬ್ಯಾಂಕು ಹೆಚ್ಚಿನ ಭದ್ರತೆ ಕೇಳುತ್ತದೆ. ಖಾಲಿ ಇಟ್ಟರೆ ‘ನಿರೀಕ್ಷಿತ ಬಾಡಿಗೆ’ ಹಾಗೆಯೇ ಉಳಿಯುತ್ತದೆ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಆರಂಭವಾದ ಒಂದು ಯೋಜನೆ ಈ ಗಂಟನ್ನು ಬಿಡಿಸಿದ್ದು ಲೀಸನ್ನೇ ಕೈಬಿಟ್ಟು. ಮಧ್ಯವರ್ತಿ ಸಂಸ್ಥೆ ಮಾಲೀಕರಿಂದ 30 ದಿನಗಳ ಬಳಕೆ ಪರವಾನಗಿ ಪಡೆಯಿತು. ಅದು ತಾನಾಗಿ ಮುಂದುವರಿಯುತ್ತ ಹೋಗುತ್ತಿತ್ತು. ಪೂರ್ಣ ಬಾಡಿಗೆ ಕೊಡುವವರು ಬಂದರೆ 30 ದಿನದಲ್ಲಿ ಜಾಗ ಖಾಲಿ. ಲೀಸ್ ಇಲ್ಲ, ಹಾಗಾಗಿ ಮೌಲ್ಯಕ್ಕೆ ಪೆಟ್ಟಿಲ್ಲ. ನೀವು ಮಾಡುವುದಾದರೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಧ್ಯವರ್ತಿಯ ಹೆಸರಿನಲ್ಲೇ ಇರಲಿ. ಬಿಡಿ ಕುಶಲಕರ್ಮಿಗಳು ಅದನ್ನು ಭರಿಸಲಾರರು. ವಿದ್ಯುತ್ ಜೋಡಣೆ, ತುರ್ತು ನಿರ್ಗಮನ ಪರೀಕ್ಷಿಸಿ, ಕೀಲಿ ಕೈಗಿಡುವ ದಿನವೇ ಒಳಗಿನ ಎಲ್ಲದರ ಫೋಟೊ ತೆಗೆಯಿರಿ. ಗೋಡೆ ಒಡೆಯುವಂಥ ಕೆಲಸಕ್ಕೆ ಅವಕಾಶ ಬೇಡ. ಅಂಗಡಿಗಳನ್ನು ಪೇಟೆಯುದ್ದಕ್ಕೂ ಚೆಲ್ಲಬೇಡಿ. ಒಂದೇ ಸಾಲಿನಲ್ಲಿ ಐದಾರು ಒಟ್ಟಿಗೆ ತೆರೆಯಲಿ. ಮುಚ್ಚಿದ ಶಟರುಗಳ ನಡುವಿನ ಒಂಟಿ ಅಂಗಡಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಯವರೆಗೆ ಯಾರೂ ನಡೆಯುವುದಿಲ್ಲ.

ತಲೆ ಎತ್ತಿ ಮೇಲಿನ ಮಹಡಿಗಳನ್ನೂ ನೋಡಿ. ಹಳೆಯ ಪೇಟೆಗಳಲ್ಲಿ ಅಂಗಡಿಯ ಮುಂಭಾಗ ಅಗಲ ಮಾಡಲು ಬೀದಿಯಿಂದ ಮೇಲಕ್ಕಿದ್ದ ಮೆಟ್ಟಿಲನ್ನು ಕಿತ್ತುಹಾಕಿರುತ್ತಾರೆ. ಮಹಡಿಗೆ ಅಂಗಡಿಯೊಳಗಿಂದಲೇ ದಾರಿ, ಹಾಗಾಗಿ ವಾಸ ಸಾಧ್ಯವಿಲ್ಲ. ಅಕ್ಕಪಕ್ಕದ ಎರಡು-ಮೂರು ಕಟ್ಟಡಗಳಿಗೆ ಹಿಂಬದಿಯಿಂದ ಒಂದೇ ಮೆಟ್ಟಿಲು, ಒಂದೇ ಮೊಗಸಾಲೆ ಕಟ್ಟಿಕೊಟ್ಟರೆ ಖರ್ಚು ಹಂಚಿಹೋಗುತ್ತದೆ. ಎರಡನೇ ತುರ್ತು ದಾರಿಯ ನಿಯಮವೂ ಅಲ್ಲೇ ಪೂರೈಸಬಹುದು. ನಗರಾಡಳಿತದ ಅನುದಾನ ಬಣ್ಣ ಬಳಿಯುವುದಕ್ಕಿಂತ ಈ ಮೆಟ್ಟಿಲಿಗೆ ಹೋಗಲಿ.

ಪ್ರಶ್ನೆ: ಪೇಟೆಬೀದಿಗೆ ವಾಹನ ನಿಷೇಧಿಸಿದರೆ ಜನ ಬರುತ್ತಾರೆಯೇ?

ಸುತ್ತ ಜನ ವಾಸವಿದ್ದರೆ, ಬಸ್ಸು ಹತ್ತಿರವಿದ್ದರೆ ಬರುತ್ತಾರೆ. ಬ್ರೆಜಿಲ್‌ನ ಕುರಿಟಿಬಾ 1972ರಲ್ಲಿ ಒಂದು ವಾರಾಂತ್ಯದಲ್ಲೇ ಮುಖ್ಯ ಬೀದಿಯನ್ನು ಪಾದಚಾರಿಗಳಿಗೆ ಬಿಟ್ಟಿತು; ಇಂದಿಗೂ ಹಾಗೆಯೇ ಇದೆ. ಅಮೆರಿಕದಲ್ಲಿ 1959ರಲ್ಲಿ ಕಲಮಜೂ ನಗರದಿಂದ ಶುರುವಾಗಿ ಸುಮಾರು 200 ಪೇಟೆಗಳು ಇದೇ ಪ್ರಯೋಗ ಮಾಡಿದವು. ಬಹುಪಾಲು ಮತ್ತೆ ವಾಹನಗಳಿಗೆ ತೆರೆದುಕೊಂಡವು. ಸುತ್ತಲಿನ ಮನೆಗಳಿಂದ ಜನ ಆಗಲೇ ಹೊರವಲಯಕ್ಕೆ ಹೋಗಿದ್ದರು, ನಡೆಯುವವರೇ ಇರಲಿಲ್ಲ.

ಪಾರ್ಕಿಂಗ್ ದರ ಇದಕ್ಕಿಂತ ಸುಲಭದ ಉಪಾಯ. ದಿನಕ್ಕೆ ನಾಲ್ಕು ಹೊತ್ತು ಎಣಿಸಿ, ಜಾಗದ ಶೇ. 85ರಷ್ಟು ತುಂಬಿ, ಪ್ರತಿ ಸಾಲಿನಲ್ಲಿ ಒಂದೆರಡು ಖಾಲಿ ಉಳಿಯುವಂತೆ ದರ ಏರಿಳಿಸಿ. ಅಂಗಡಿಯವರು ಮೊದಲು ವಿರೋಧಿಸುತ್ತಾರೆ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ 1993ರಲ್ಲಿ ಅವರು ಒಪ್ಪಿದ್ದು ಮೀಟರಿನ ಆದಾಯ ಅದೇ ಬೀದಿಯ ಕಾಲುದಾರಿ, ದೀಪ, ಸ್ವಚ್ಛತೆಗೆ ಎಂದು ಬರೆದುಕೊಟ್ಟ ಮೇಲೆ.

ಪ್ರಶ್ನೆ: ದೊಡ್ಡ ಕಂಪನಿಯೊಂದಕ್ಕೆ ತೆರಿಗೆ ವಿನಾಯಿತಿ ಕೊಟ್ಟು ಕರೆತರುವುದು ತಪ್ಪೇ?

ಕರಾರಿನ ಮೇಲೆ ನಿಂತಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಜೊತೆ 13,000 ಉದ್ಯೋಗಗಳ ನಿರೀಕ್ಷೆಯಲ್ಲಿ ಭಾರಿ ವಿನಾಯಿತಿಯ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಅದು 1,454 ಉದ್ಯೋಗಕ್ಕೆ ಇಳಿಯಿತು. ಉದ್ಯೋಗ ಸೃಷ್ಟಿಯಾದ ಮೇಲಷ್ಟೇ ತೆರಿಗೆ ಲಾಭ ಎಂಬ ಷರತ್ತಿದ್ದುದರಿಂದ ಆ ಬಾಬತ್ತಿನಲ್ಲಿ ರಾಜ್ಯದ ಹಣ ಉಳಿಯಿತು. ಆದರೆ ಜಮೀನಿಗೆ, ರಸ್ತೆಗೆ, ನೀರಿಗೆ ಸ್ಥಳೀಯ ಆಡಳಿತ ಮುಂಗಡವಾಗಿ ಸುರಿದದ್ದಕ್ಕೆ ಅಂಥ ರಕ್ಷಣೆ ಇರಲಿಲ್ಲ. ವಿನಾಯಿತಿಯನ್ನು ಫಲಿತಾಂಶಕ್ಕೆ ಕಟ್ಟಿದ ಹಾಗೆ ರಸ್ತೆ-ಕೊಳವೆಯನ್ನೂ ಹಂತಹಂತವಾಗಿ ಕಟ್ಟಿ.

ಊರಲ್ಲೇ ಇರುವ ಆಸ್ಪತ್ರೆ, ಕಾಲೇಜು, ಸರ್ಕಾರಿ ಕಚೇರಿಗಳ ಖರೀದಿಯನ್ನೂ ನೋಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಇಂಥ ಸಂಸ್ಥೆಗಳ ಖರೀದಿಯಲ್ಲಿ ನಗರದೊಳಗೇ ಉಳಿಯುತ್ತಿದ್ದದ್ದು 2012-13ರಲ್ಲಿ ಶೇ. 5, 2016-17ಕ್ಕೆ ಶೇ. 18ಕ್ಕೆ ಏರಿತು. ದೊಡ್ಡ ಟೆಂಡರನ್ನು ಸಣ್ಣ ತುಂಡು ಮಾಡಿ, ಬಿಲ್ ಪಾವತಿಯ ಅವಧಿ ಇಳಿಸಿದರೆ ಸಣ್ಣವರೂ ಬರುತ್ತಾರೆ. ಮೂರು ತಿಂಗಳು ಹಣ ತಡಮಾಡಿದರೆ ಮುಂದಿನ ಟೆಂಡರಿಗೆ ಅವರು ಇರುವುದಿಲ್ಲ.

ಪ್ರಶ್ನೆ: ಜನಸಂಖ್ಯೆ ಮತ್ತೆ ಬೆಳೆಯುವುದೇ ಇಲ್ಲ ಎಂದಾದರೆ?

ಹಾಗೆಂದು ಒಪ್ಪಿಕೊಂಡು 2005ರಲ್ಲಿ ಯೋಜನೆ ಬರೆದ ನಗರ ಅಮೆರಿಕದ ಓಹಾಯೊ ರಾಜ್ಯದ ಯಂಗ್ಸ್‌ಟೌನ್. 1930ರಲ್ಲಿ 1,70,000 ಇದ್ದ ಜನ 2010ಕ್ಕೆ 67,000. ಒಪ್ಪಿಕೊಳ್ಳುವುದು ಒಳ್ಳೆಯದೇ, ಜಾರಿ ಕಷ್ಟ. ಬೀದಿಯ ಕೊನೆಯಲ್ಲಿ ಒಂದೇ ಮನೆ ಉಳಿದರೂ ನೀರು, ದೀಪ, ಕಸದ ಗಾಡಿ ಹೋಗಲೇಬೇಕು; ಸ್ಥಳಾಂತರಕ್ಕೆ ಹಣ ಕೊಟ್ಟರೂ ಹೆಚ್ಚಿನವರು ಕದಲುವುದಿಲ್ಲ. ಬಳಕೆ ಇಳಿದಾಗ ಅಗಲವಾದ ಕೊಳವೆಗಳಲ್ಲಿ ಕುಡಿಯುವ ನೀರು ನಿಂತು ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ, ಚರಂಡಿಯಲ್ಲಿ ಹರಿವಿಲ್ಲದೆ ಹೂಳು ಕೂರುತ್ತದೆ. ಪೂರ್ವ ಜರ್ಮನಿಯ ನಗರಗಳು ಒಳ್ಳೆಯ ನೀರನ್ನೇ ಬಿಟ್ಟು ಕೊಳವೆ ತೊಳೆಯಬೇಕಾಯಿತು. ಆದ್ದರಿಂದ ಕೆಡವುವುದಿದ್ದರೆ ಕೊಳವೆಜಾಲದ ತುದಿಯಿಂದ ಒಳಮುಖವಾಗಿ ಬನ್ನಿ. ನಡುನಡುವೆ ಕಿತ್ತರೆ ಒಂದು ಮೀಟರ್ ಕೊಳವೆಯೂ ಉಳಿತಾಯವಾಗುವುದಿಲ್ಲ.

ಹಾಗೆಂದು ಕೆಡವುವ ಆತುರವೂ ಬೇಡ. ಲೈಪ್ಸಿಗ್ 1990ರ ದಶಕದ ಕೊನೆಗೆ 4,40,000ಕ್ಕಿಂತ ಕೆಳಗಿಳಿದಿತ್ತು. ಈಗ ಆರು ಲಕ್ಷ ದಾಟಿದೆ, ಮನೆಗಳಿಗೆ ಪೈಪೋಟಿ ನಡೆದಿದೆ. ಅಂದು ಸೂರು ಮುಚ್ಚಿ ಉಳಿಸಿಕೊಂಡ ಹಳೆಯ ಮನೆಗಳಲ್ಲಿ ಇಂದು ಸಂಸಾರಗಳಿವೆ.

ಪ್ರಶ್ನೆ: ಕೆಲಸ ಫಲಿಸುತ್ತಿದೆ ಎಂದು ಎರಡು ವರ್ಷದಲ್ಲಿ ತಿಳಿಯುವುದು ಹೇಗೆ?

ಮತ್ತೆ ಓಡಲು ಶುರುವಾದ ನೀರಿನ ಮೀಟರುಗಳೆಷ್ಟು, ಕಟ್ಟಲು ಹೇಳಿದ ದಿನಕ್ಕೇ ತೆರಿಗೆ ಕಟ್ಟಿದವರೆಷ್ಟು, ಮಾರಾಟವಾದ ಮನೆಗಳಲ್ಲಿ ಕೊಂಡವರೇ ವಾಸವಿರುವುದು ಎಷ್ಟು, ರಾತ್ರಿ ಎಂಟಕ್ಕೆ ಪೇಟೆಯ ಮೇಲ್ಮಹಡಿಗಳಲ್ಲಿ ದೀಪ ಉರಿಯುವ ಕಿಟಕಿಗಳೆಷ್ಟು ಎಂದು ಎಣಿಸಿ. ಕೆಲಸ ಶುರುಮಾಡುವ ಮೊದಲೇ ಒಮ್ಮೆ ಎಣಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಜಮೀನಿನ ಬೆಲೆ ಏರಿದ್ದನ್ನು ಮಾತ್ರ ನಂಬಬೇಡಿ. ಸಟ್ಟಾ ವ್ಯಾಪಾರಿಗಳು ಬಂದಾಗಲೂ ಅದು ಏರುತ್ತದೆ.