ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿಯೋ ಡಿಪ್ಲೊಮಾನೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಯಜಮಾನರದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಮಗ ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 468 ತೆಗೆದಿದ್ದಾನೆ. ಗಣಿತ 71, ವಿಜ್ಞಾನ 78. ಒಂದರಿಂದ ಹತ್ತರವರೆಗೂ ಕನ್ನಡ ಮಾಧ್ಯಮ. ರಜೆ ಬಂದರೆ ಅಂಗಡಿ ಬಿಟ್ಟು ಕದಲುವುದಿಲ್ಲ, ಸುಟ್ಟ ಮೋಟಾರ್ ಬಿಚ್ಚಿ ಕಾಯಿಲ್ ಕಟ್ಟುವುದನ್ನೂ ಕಲಿತಿದ್ದಾನೆ. ಡಿಪ್ಲೊಮಾ ಮಾಡುತ್ತೇನೆ ಅನ್ನುತ್ತಾನೆ. ನಮ್ಮಣ್ಣ ‘ಡಿಪ್ಲೊಮಾ ದಡ್ಡರಿಗೆ, ಹಾಸ್ಟೆಲ್ ಇರುವ ಕಾಲೇಜಿನಲ್ಲಿ ಸೈನ್ಸ್ ಕೊಡಿಸು’ ಅನ್ನುತ್ತಾರೆ. ಅಲ್ಲಿನ ಫೀಸು ಕಟ್ಟಬೇಕೆಂದರೆ ಬಂಗಾರ ಅಡ ಇಡಬೇಕು. ಪರಿಚಯದವರೊಬ್ಬರು ಹರಿಹರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಒಳ್ಳೆಯದು ಅಂದರು. ದಾರಿ ತೋರಿಸಿ.
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ತಾಯಿ, ಮೊದಲು ಬಂಗಾರದ ಮಾತು. ಅದನ್ನು ಅಡ ಇಡಬೇಡಿ. ಹುಡುಗನಿಗೇ ಮನಸ್ಸಿಲ್ಲದ ಓದಿಗೆ ಸಾಲ ಮಾಡಿದರೆ, ಆ ಸಾಲದ ಭಾರವೂ ಅವನ ತಲೆಯ ಮೇಲೇ ಕೂರುತ್ತದೆ. ಎರಡು ವರ್ಷ ಅದನ್ನು ಹೊತ್ತುಕೊಂಡು ಸಿಇಟಿ ಬರೆಯುವ ಮಕ್ಕಳನ್ನು ಕಂಡಿದ್ದೇನೆ, ಬಹಳ ಬಳಲುತ್ತಾರೆ.

‘ಡಿಪ್ಲೊಮಾ ದಡ್ಡರಿಗೆ’ ಎನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ನೋವಾಗುತ್ತದೆ. ನಾನು ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು. ಅಲ್ಲಿಗೆ ಬರುವ ಹುಡುಗರಲ್ಲಿ ಎಷ್ಟೋ ಮಂದಿ ಪುಸ್ತಕದಲ್ಲಿ ಓದುವ ಮೊದಲೇ ವಸ್ತುವನ್ನು ಕೈಯಲ್ಲಿ ಹಿಡಿದು ತಿಳಿದುಕೊಂಡಿರುತ್ತಾರೆ. ನಿಮ್ಮ ಮಗ ಆ ಪೈಕಿ. ಮೋಟಾರಿನ ತಿರುಗದ ಭಾಗವಾದ ಸ್ಟೇಟರ್‌ನ ಸ್ಲಾಟ್ ಎಣಿಸಿ, ಹಳೆಯ ಕಾಯಿಲ್‌ನ ಸುತ್ತು ಲೆಕ್ಕ ಹಾಕಿ, ಅದೇ ಗೇಜಿನ ತಂತಿ ಆರಿಸಿ ಕಟ್ಟಿದವನಿಗೆ ಮೂರು ಫೇಸ್ ಇಂಡಕ್ಷನ್ ಮೋಟಾರಿನ ಪಾಠ ಅರ್ಧ ಬಂದಂತೆಯೇ. ಉಳಿದರ್ಧ, ಅಂದರೆ ಅದು ಯಾಕೆ ತಿರುಗುತ್ತದೆ, ಒಂದು ಫೇಸ್ ಹೋದರೆ ಯಾಕೆ ಸುಡುತ್ತದೆ ಎನ್ನುವುದನ್ನು ಕಾಲೇಜು ಕಲಿಸುತ್ತದೆ.

ಹಾಗಾಗಿ ನನ್ನ ಸಲಹೆ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮೂರು ವರ್ಷ, ಆರು ಸೆಮಿಸ್ಟರ್. ಮೊದಲು ಸರ್ಕಾರಿ ಪಾಲಿಟೆಕ್ನಿಕ್ ನೋಡಿ, ಸಿಗದಿದ್ದರೆ ಅನುದಾನಿತ, ಖಾಸಗಿ ಕೊನೆಗೆ. ನಿಮಗೆ ದಾವಣಗೆರೆಯ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್ ದೂರವೇನಲ್ಲ.

ಹರಿಹರದ ಜಿಟಿಟಿಸಿಯೂ ಉತ್ತಮ ಸಂಸ್ಥೆಯೇ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು ಈಗ ಹಲವು ಊರುಗಳಲ್ಲಿದೆ. ಅದರ ಮುಖ್ಯ ಕೋರ್ಸಾದ ಟೂಲ್ ಅಂಡ್ ಡೈ ಮೇಕಿಂಗ್ ನಾಲ್ಕು ವರ್ಷದ್ದು, ಕೊನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಆದರೆ ಅದು ಲೋಹದ ಕೆಲಸ. ಡೈ, ಮೋಲ್ಡ್ ಎನ್ನುವ ಅಚ್ಚುಗಳನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದು ತಿದ್ದುವ ಸಹನೆ ಬೇಕು. ಮಗನನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಮಿಲ್ಲಿಂಗ್ ಮಷೀನ್ ಮುಂದೆ ಅವನ ಕಣ್ಣು ಅರಳಿದರೆ ಅಲ್ಲಿಗೇ ಸೇರಿಸಿ, ನನ್ನ ತಕರಾರಿಲ್ಲ.

ಇನ್ನು ನಿಮ್ಮ ಅಣ್ಣನವರ ಆತಂಕ. ಅದರಲ್ಲೂ ಸತ್ಯವಿದೆ, ತಳ್ಳಿಹಾಕಬೇಡಿ. ಡಿಪ್ಲೊಮಾಕ್ಕೆ ಸೇರಿದರೆ ವೈದ್ಯಕೀಯ, ಬಿಎಸ್ಸಿ ಅಗ್ರಿಯಂಥ ದಾರಿಗಳು ಮುಚ್ಚುತ್ತವೆ, ಅವಕ್ಕೆ ಪಿಯುಸಿ ವಿಜ್ಞಾನವೇ ಬೇಕು. ಕೆಎಎಸ್‌ಗೂ ಬ್ಯಾಂಕಿನ ಅಧಿಕಾರಿ ಹುದ್ದೆಗೂ ಪದವಿ ಕೇಳುತ್ತಾರೆ, ಬರೀ ಡಿಪ್ಲೊಮಾ ಸಾಲದು. ಡಾಕ್ಟರಾಗುವ ಆಸೆ ಒಳಗೆಲ್ಲೋ ಇದೆಯಾ ಎಂದು ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಇಲ್ಲ ಅಂದರೆ ಚಿಂತೆ ಬಿಡಿ, ಏಕೆಂದರೆ ಎಂಜಿನಿಯರಿಂಗ್ ಬಾಗಿಲು ತೆರೆದೇ ಇರುತ್ತದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಪ್ರವೇಶ. ಪಿಯುಸಿ ಮಾಡಿ ಬಿಇ ಮಾಡಿದರೂ ಆರು ವರ್ಷ, ಡಿಪ್ಲೊಮಾ ಮಾಡಿ ಬಿಇ ಮಾಡಿದರೂ ಆರು ವರ್ಷ. ವ್ಯತ್ಯಾಸ ಇಷ್ಟೇ: ಮೂರನೇ ವರ್ಷದ ಕೊನೆಗೆ ಮನೆಯಲ್ಲಿ ಏನಾದರೂ ತೊಂದರೆ ಬಂತೆನ್ನಿ, ಡಿಪ್ಲೊಮಾದವನ ಕೈಯಲ್ಲಿ ದುಡಿಯಲು ಒಂದು ಅರ್ಹತೆ ಇರುತ್ತದೆ.

ಆ ಅರ್ಹತೆಗೆ ಎಲ್ಲೆಲ್ಲಿ ಬೆಲೆಯಿದೆ? ಕೆಪಿಟಿಸಿಎಲ್ ಮತ್ತು ಹೆಸ್ಕಾಂನಂಥ ವಿದ್ಯುತ್ ಕಂಪನಿಗಳ ಕಿರಿಯ ಎಂಜಿನಿಯರ್ ಹುದ್ದೆ, ರೈಲ್ವೆಯ ಜೆಇ (ಅಲ್ಲಿನ ಕಿರಿಯ ಎಂಜಿನಿಯರ್), ಇವೆಲ್ಲ ಡಿಪ್ಲೊಮಾದವರಿಗೆ. ಬಿಇಎಲ್, ಎಚ್‌ಎಎಲ್‌ನಂಥ ಕಡೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್‌ಗೂ ತೆಗೆದುಕೊಳ್ಳುತ್ತಾರೆ. ಹುದ್ದೆಗಳಿಗೆ ವರ್ಷಾ ವರ್ಷ ಅರ್ಜಿ ಕರೆಯುವುದಿಲ್ಲ, ಸ್ಪರ್ಧೆಯೂ ಜೋರು, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮನೆಗೆ ಇನ್ನೊಂದು ದಾರಿ ಇದೆ: ವಿದ್ಯುತ್ ಪರಿವೀಕ್ಷಣಾಲಯದ ಸೂಪರ್‌ವೈಸರ್ ಪರವಾನಗಿ, ಮುಂದೆ ಗುತ್ತಿಗೆದಾರರ ಲೈಸೆನ್ಸ್. ಡಿಪ್ಲೊಮಾಕ್ಕೆ ಅನುಭವ ಸೇರಿದರೆ ಅದು ದಕ್ಕುತ್ತದೆ. ರಿವೈಂಡಿಂಗ್ ಅಂಗಡಿ ಇಟ್ಟ ಮನೆಗೆ ಲೈನ್ ಎಳೆಯುವ, ಟ್ರಾನ್ಸ್‌ಫಾರ್ಮರ್ ಕೂರಿಸುವ ಕೆಲಸ ಹಿಡಿಯುವ ಹಕ್ಕು ಬಂದರೆ ದುಡಿಮೆಯ ಅಳತೆಯೇ ಬೇರೆಯಾಗುತ್ತದೆ. ಅಪ್ಪನ ಅಂಗಡಿಗೆ ಮಗ ಮರಳುವುದನ್ನು ಸೋಲೆಂದು ಯಾರೂ ತಿಳಿಯಬಾರದು.

ನನಗಿರುವ ಭಯ ಒಂದೇ, ಮೊದಲ ವರ್ಷದ ಗಣಿತ. ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಅವಕಲನ ಇವು ಸರಸರನೆ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕ ಬಂದರೂ ಇಂಗ್ಲಿಷ್ ಹೆಸರುಗಳು ಗಾಬರಿ ಹುಟ್ಟಿಸುತ್ತವೆ. ‘ಲಂಬ’ ಎಂದರೆ ಗೊತ್ತು, ‘ಪರ್ಪೆಂಡಿಕ್ಯುಲರ್’ ಎಂದರೆ ಪೆನ್ನು ನಿಲ್ಲುತ್ತದೆ. ಸಂಕೋಚಪಟ್ಟು ಹಿಂದಿನ ಬೆಂಚು ಹಿಡಿಯುತ್ತಾರೆ, ವಿಷಯಗಳು ಪಾಸಾಗದೆ ಬ್ಯಾಕ್‌ಲಾಗ್ ಬೀಳುವುದು ಅಲ್ಲಿಂದ. ಈ ರಜೆಯಲ್ಲೇ ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪುಸ್ತಕ ತಂದುಕೊಡಿ. ತಾನು ಓದಿದ ಪಾಠವನ್ನೇ ಮತ್ತೆ ಅದರಲ್ಲಿ ಓದಲಿ, ಹೆಸರುಗಳು ತಾವಾಗಿ ನಾಲಗೆಗೆ ಹತ್ತುತ್ತವೆ. ಮುಂದಿನ ಬೆಂಚಿನಲ್ಲಿ ಕೂರಲು ನಾನು ಹೇಳಿದ್ದೇನೆಂದು ಅವನಿಗೆ ತಿಳಿಸಿ.

ಅರ್ಜಿಗೆ ಮುನ್ನ ಶಾಲೆಯಿಂದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ ಎರಡನ್ನೂ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಹಾಕಿಸಿ ಇಟ್ಟುಕೊಳ್ಳಿ. ಜಾತಿ ಮತ್ತು ಆದಾಯದ ಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಕೊನೆಯ ವಾರದಲ್ಲಿ ಓಡಾಡಿ ಸೀಟು ಕಳೆದುಕೊಂಡವರು ಬಹಳ.

ಪ್ರಶ್ನೆ: ಫಿಟ್ಟರ್ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ ಮುಗಿಸಿದ್ದೇನೆ. ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದಂತೆ, ನಿಜವೇ? ಸೇರಲಾ, ಕೆಲಸ ಹುಡುಕಲಾ?
— ಗದಗ ಜಿಲ್ಲೆಯ ಯುವಕ

ಉತ್ತರ: ನಿಜ ಕಣಪ್ಪ, ಎರಡು ವರ್ಷದ ಟ್ರೇಡಿನವರಿಗೆ ನೇರ ಪ್ರವೇಶವಿದೆ. ಆದರೆ ಮೊದಲು ಅಪ್ರೆಂಟಿಸ್‌ಶಿಪ್ ಮುಗಿಸು. ನಿನಗೆ ಹುಬ್ಬಳ್ಳಿ ಹತ್ತಿರ. ನೈಋತ್ಯ ರೈಲ್ವೆ ಅಲ್ಲಿನ ವರ್ಕ್‌ಶಾಪಿಗೆ ಅಪ್ರೆಂಟಿಸ್‌ಗಳನ್ನು ಪರೀಕ್ಷೆಯಿಲ್ಲದೆ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ತೆಗೆದುಕೊಳ್ಳುತ್ತದೆ. ಹಾಗೆ ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 (ಮೊದಲ ಹಂತದ) ನೇಮಕಾತಿಯಲ್ಲಿ ಶೇ 20 ಹುದ್ದೆ ಮೀಸಲಿವೆ. ಅಲ್ಲಿರುವಾಗ ರಾತ್ರಿ ಹೊತ್ತು ಡಿಪ್ಲೊಮಾ ಮೊದಲ ವರ್ಷದ ಗಣಿತ ಓದು. ನೇರ ಎರಡನೇ ವರ್ಷಕ್ಕೆ ಬಂದ ಐಟಿಐ ಹುಡುಗರು ವರ್ಕ್‌ಶಾಪಿನಲ್ಲಿ ಎಲ್ಲರಿಗಿಂತ ಮುಂದಿದ್ದು, ತರಗತಿಯಲ್ಲಿ ಆ ಒಂದು ವರ್ಷದ ಗಣಿತ ತಪ್ಪಿದ್ದಕ್ಕೇ ಕಷ್ಟಪಡುತ್ತಾರೆ.